ಬೆಳ್ಳಿಯ ‘ಗುಲ್ಡನ್’ ಕನ್ನಡದಲ್ಲಿ ‘ಹೊನ್ನು’ ಆದೀತೇ?

ಹತ್ತೊಂಬತ್ತನೆಯ ಶತಮಾನದ ವಿಯೆನ್ನಾದಲ್ಲಿ ನಡೆಯುವ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎದುರಿಗೆ ಎರಡು ಇಂಗ್ಲಿಷ್ ಅನುವಾದಗಳಿವೆ. ಒಂದರಲ್ಲಿ ‘ಗುಲ್ಡನ್’, ಇನ್ನೊಂದರಲ್ಲಿ ‘ಫ್ಲಾರಿನ್’. ಎರಡೂ ಒಂದೇ ನಾಣ್ಯವೆಂದು ತಿಳಿಯುವಷ್ಟರಲ್ಲಿ ಅರ್ಧ ಅಧ್ಯಾಯ ಕೆಟ್ಟಿತ್ತು.

ಫ್ಲಾರೆನ್ಸ್ ನಗರ 1252ರಲ್ಲಿ ಟಂಕಿಸಿದ ಚಿನ್ನದ ನಾಣ್ಯ ಫ್ಲಾರಿನ್. ಅದನ್ನು ನೋಡಿ ಜರ್ಮನ್ ನಾಡುಗಳು ಹೊರಡಿಸಿದ್ದು ಗುಲ್ಡನ್, ಎಂದರೆ ‘ಚಿನ್ನದ್ದು’. ಮುಂದೆ ಲೋಹ ಬೆಳ್ಳಿಯಾಯಿತು, ಹೆಸರು ಚಿನ್ನದ್ದೇ ಉಳಿಯಿತು. ಗೆಳೆಯರೊಬ್ಬರು ಕೊಟ್ಟ 1878ರ ಗುಲ್ಡನ್ ನನ್ನ ಬಳಿ ಇದೆ. ಒಂದು ಮುಖದಲ್ಲಿ ದೊರೆ ಫ್ರಾನ್ಸ್ ಯೋಸೆಫ್, ಇನ್ನೊಂದರಲ್ಲಿ ಎರಡು ತಲೆಯ ಹದ್ದು. (ಗಂಡಭೇರುಂಡ ಎಂದು ಬರೆದುಬಿಡಲು ಕೈ ತುರಿಸುತ್ತದೆ!) ಅಕ್ಕಸಾಲಿಗರ ತಕ್ಕಡಿಯಲ್ಲಿ ಅಜ್ಜಿಯ ವಿಕ್ಟೋರಿಯಾ ರೂಪಾಯಿಯ ಎದುರು ಇಡಿಸಿದೆ. ಗುಲ್ಡನ್ನಿನ ತಟ್ಟೆಯೇ ಕೆಳಗಿಳಿಯಿತು. ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ, ಗುಲ್ಡನ್ 12.34 ಗ್ರಾಂ, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬೆಳ್ಳಿ.

ಈಗ ಪ್ರಶ್ನೆ. ಚಿನ್ನದ ಹೆಸರೇ ನಾಣ್ಯದ ಹೆಸರಾಗುವುದು ನಮಗೆ ಹೊಸದಲ್ಲ, ‘ಹೊನ್ನು’ ಇದೆ. ಹೆಸರು ಲೋಹವನ್ನು ಬಿಟ್ಟು ನಡೆದದ್ದೂ ಉಂಟು. ಕಂಠೀರವ ನರಸರಾಜ ಒಡೆಯರ ‘ಹಣ’ ಉಗುರಿನಷ್ಟೂ ಇಲ್ಲದ ಚಿನ್ನದ ನಾಣ್ಯವಾಗಿತ್ತು. ಇಂದು ಹಣವೆಂದರೆ ಕಾಗದವೂ ಹೌದು. ಆದರೆ ‘ಹೊನ್ನು’ ಹಾಗೆ ಸವೆದಿಲ್ಲ. “ಕ್ಷೌರಿಕನಿಗೆ ಒಂದು ಹೊನ್ನು ಕೊಟ್ಟ” ಎಂದರೆ ಓದುಗರ ಕಣ್ಣಿಗೆ ಹಳದಿಯೇ ಹೊಳೆಯುತ್ತದೆ, ಕೂಲಿ ರಾಜಮರ್ಯಾದೆಯಾಗಿಬಿಡುತ್ತದೆ. ‘ವರಹ’ ಇನ್ನೂ ಕಷ್ಟ, ವಿಯೆನ್ನಾಕ್ಕೆ ವರಾಹಾವತಾರವನ್ನೇ ಕರೆದೊಯ್ದಂತೆ. ‘ರೂಪಾಯಿ’ಯಲ್ಲಿ ರೂಪ್ಯ, ಅಂದರೆ ಬೆಳ್ಳಿ, ಇದೆ ನಿಜ, ಆದರೆ ಓದುಗರು ಮೈಸೂರಿನ ಸಂತೆಯಲ್ಲಿ ಇಳಿದುಬಿಡುತ್ತಾರೆ.

ಹಾಗಾಗಿ ‘ಗುಲ್ಡನ್’ ಎಂದೇ ಉಳಿಸುವತ್ತ ನನ್ನ ಒಲವು. ಚಿಲ್ಲರೆಯಾದ ‘ಕ್ರಾಯ್ಟ್ಸರ್’ಗೆ ‘ಕಾಸು’ ಎಂದು ಹಾಕಿದ್ದೆ, ಅದನ್ನೂ ತೆಗೆದೆ. ಕತೆಯ ಮುದುಕಿ ಗುಲ್ಡನ್ನಿಗೆ 60 ಕ್ರಾಯ್ಟ್ಸರ್ ಎಂದು ಲೆಕ್ಕ ಹಾಕುತ್ತಾಳೆ, ಮೊಮ್ಮಗ 100 ಎನ್ನುತ್ತಾನೆ. ಆಸ್ಟ್ರಿಯಾ ಜರ್ಮನ್ ನಾಡುಗಳೊಂದಿಗೆ ಮಾಡಿಕೊಂಡ 1857ರ ನಾಣ್ಯ ಒಪ್ಪಂದದಿಂದ ಬದಲಾದ ಲೆಕ್ಕ ಅದು. ಅಲ್ಲಿನ ಜಗಳ ‘ಕಾಸು’ ಎಂದರೆ ಸಪ್ಪೆಯಾಗುತ್ತದೆ.

ತಿಳಿದವರು ಹೇಳಿ: ಶಾಸನದಲ್ಲೋ ಕೈಫಿಯತ್ತಿನಲ್ಲೋ ಹಳೆಯ ಲೆಕ್ಕದ ಕಡತದಲ್ಲೋ ಚಿನ್ನವಲ್ಲದ ನಾಣ್ಯವನ್ನು ‘ಹೊನ್ನು’ ಎಂದು ಕರೆದ ಪ್ರಯೋಗ ನಿಮ್ಮ ಕಣ್ಣಿಗೆ ಬಿದ್ದಿದೆಯೇ? ಒಂದು ಸಿಕ್ಕರೂ ನನ್ನ ಒಲವು ಬದಲಾದೀತು.