ಮ್ಯಾಟ್ ಕಪ್ಪು ಎನಾಮಲ್ ಸ್ಪ್ರೇ: ಪೇಂಟರ್ ಅವರಿಗೆ ನಿಮ್ಮ ಪ್ರಶ್ನೆಗಳು

ಜೀಪಿನವರು: ನಮಸ್ಕಾರ ಸರ್. ಬಾನೆಟ್‌ಗೆ ನಾನೇ ಸ್ಪ್ರೇ ಗನ್ನಿನಿಂದ ಮ್ಯಾಟ್ ಕಪ್ಪು ಎನಾಮಲ್ ಹೊಡೆದೆ. ಒಣಗಿದ ಮೇಲೆ ಓರೆಯಾಗಿ ನೋಡಿದರೆ ಒಂದು ಪಟ್ಟೆ ಮಿನುಗುತ್ತದೆ, ಪಕ್ಕದ್ದು ಬೂದುಬೂದಾಗಿದೆ. ಪಾಲಿಶ್ ಮಾಡಿದರೆ ಸರಿಹೋಗುತ್ತದೆಯೇ?

ಪೇಂಟರ್: ದಯವಿಟ್ಟು ಪಾಲಿಶ್ ಮುಟ್ಟಿಸಬೇಡಿ. ಬಣ್ಣದೊಳಗಿನ ನುಣ್ಣನೆಯ ಪುಡಿಯು ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ತರಿಯಾಗಿಸಿ ಬೆಳಕನ್ನು ಚದುರಿಸುತ್ತದೆ. ಉಜ್ಜಿದರೆ ಆ ತರಿ ಸವೆದು ಅಲ್ಲಷ್ಟೇ ಹೊಳಪು ಬರುತ್ತದೆ. ಡಬ್ಬಿಯ ತಳವನ್ನು ಕೋಲಿನಿಂದ ಕೆರೆದು ನೋಡಿ. ತುದಿಗೆ ಕೆಸರಿನಂಥದ್ದು ಅಂಟಿ ಬಂದರೆ ಆ ಪುಡಿ ಗನ್ನಿಗೆ ಪೂರ್ತಿ ಹೋಗಿಯೇ ಇಲ್ಲ; ಈ ಸಲ ತಳದಿಂದ ಚೆನ್ನಾಗಿ ಕಲಕಿ. ಬಣ್ಣ ಚೆನ್ನಾಗಿ ಗಟ್ಟಿಯಾದ ಮೇಲೆ 600ರ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜಿ, 15–20 ಸೆಂ.ಮೀ. ದೂರದಿಂದ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ, ಅಂಚಿನಿಂದ ಅಂಚಿಗೆ ಇಡೀ ಬಾನೆಟ್‌ಗೆ ಮತ್ತೆ ಬಣ್ಣ ಹೊಡೆಯಿರಿ. ನಡುವೆ ತೇಪೆ ಹಾಕಿದರೆ ತೇಪೆಯಾಗಿಯೇ ಕಾಣುತ್ತದೆ.

ಬೈಕಿನವರು: ಇದೇ ಬಣ್ಣವನ್ನು ಸೈಲೆನ್ಸರ್‌ಗೆ ಹಚ್ಚಬಹುದೇ ಸರ್?

ಹೊಸ ಸದಸ್ಯರು: ಹೊಳಪಿನ ಎನಾಮಲ್‌ಗೆ ಮುಖದ ಪೌಡರ್ ಬೆರೆಸಿದರೆ ಮ್ಯಾಟ್ ಆಗುತ್ತದೆಂಬ ಸಂದೇಶ ಬಂದಿದೆ.

ಪೇಂಟರ್: ಬೆರೆಸಬೇಡಿ. ಗನ್ ಕಟ್ಟಿಕೊಳ್ಳುತ್ತದೆ, ಬಣ್ಣದ ಹಿಡಿತವೂ ಹಾಳಾಗುತ್ತದೆ. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ ಎಂದು ಎಷ್ಟು ಸಲ ಹೇಳಬೇಕು?

ವ್ಯಾನಿನವರು: ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಬಣ್ಣ ತೆಳುವಾಗಿಸುವ ದ್ರಾವಕ) ಹಾಕಿದರೆ ಬೇಗ ಒಣಗುತ್ತದೆ. ನಾನು ಸದಾ ಅದನ್ನೇ ಹಾಕುತ್ತೇನೆ.

ಜೀಪಿನವರು: ಅದನ್ನು ನಂಬಿಯೇ ನನ್ನ ಹಳೆಯ ಬಾಗಿಲು ಸುಕ್ಕುಗಟ್ಟಿತು. ದಯವಿಟ್ಟು ದಾರಿ ತಪ್ಪಿಸಬೇಡಿ.

ವ್ಯಾನಿನವರು: ನಿಮಗೆ ಕೈ ಕುದುರದಿದ್ದರೆ ಥಿನ್ನರ್ ಏನು ಮಾಡೀತು?

ಪೇಂಟರ್: ಅರೆಬರೆ ಒಣಗಿದ ಎನಾಮಲ್ ಮೇಲೆ ಅದು ಬಿದ್ದರೆ ಕೆಳಗಿನ ಪದರ ಉಬ್ಬಿ ಸುಕ್ಕಾಗಬಹುದು. ಡಬ್ಬಿಯ ಮೇಲೆ ಬರೆದ ಥಿನ್ನರನ್ನೇ ಹಾಕಿ. ಈ ಜಗಳ ಸಾಕು.

ಹೊಸ ಸದಸ್ಯರು: ಮೇಣದ ಪಾಲಿಶ್ ಆದರೂ ಆದೀತೇ?

ಪೇಂಟರ್: ಬೇಡ. ಮೇಲೆ ಓದಿ.

ಕಾರಿನವರು: ನನ್ನ ತಮ್ಮ ನಿನ್ನೆ ಬಣ್ಣಕ್ಕೆ ಹಾರ್ಡನರ್ (ಬಣ್ಣ ಗಟ್ಟಿಯಾಗಿಸುವ ದ್ರವ) ಬೆರೆಸಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಮುಚ್ಚಿದ ಶೆಡ್ಡಿನಲ್ಲಿ ಹೊಡೆದ. ರಾತ್ರಿಯಿಂದ ಕೆಮ್ಮುತ್ತಿದ್ದಾನೆ. ಬಿಸಿನೀರಿನ ಹಬೆ ಸಾಕೆನ್ನುತ್ತಾರೆ.

ಪೇಂಟರ್: ಹಬೆಯನ್ನು ನಂಬಿ ಕೂರಬೇಡಿ, ಇಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ, ಹಾರ್ಡನರ್ ಡಬ್ಬಿಯನ್ನೂ ತೋರಿಸಿ. ಅದರಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇದ್ದರೆ ಅದು ಆಸ್ತಮಾ ತರಬಲ್ಲದು, ಮತ್ತು ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಹುದು. ಕರವಸ್ತ್ರವಾಗಲಿ ಧೂಳಿನ ಮಾಸ್ಕಾಗಲಿ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮಾಸ್ಕ್ ಬೇಕು. ಅವರನ್ನು ಮತ್ತೆ ಆ ಶೆಡ್ಡಿಗೆ ಬಿಡಬೇಡಿ. ಎದೆ ಬಿಗಿದಿದೆಯೇ?

ವ್ಯಾನಿನವರು: ನಾನು ಇಪ್ಪತ್ತು ವರ್ಷದಿಂದ ಬಟ್ಟೆ ಕಟ್ಟಿಕೊಂಡೇ ಹೊಡೆಯುತ್ತಿದ್ದೇನೆ, ಏನೂ ಆಗಿಲ್ಲ.

ಪೇಂಟರ್: ನೀವು ಸುಮ್ಮನಿರಿ. ಕಾರಿನವರೇ, ಎದೆ ಬಿಗಿದಿದೆಯೇ, ಹೇಳಿ.

ಬೈಕಿನವರು: ಸರ್, ಸೈಲೆನ್ಸರ್?

ಕಾರಿನವರು: ಸ್ವಲ್ಪ ಬಿಗಿದಿದೆಯಂತೆ. ಹೊರಟಿದ್ದೇವೆ.