‘ಜಪಾನ್ ನಿಲ್ಲಿಸಿತಂತೆ’: ನಮ್ಮ ಮನೆ ಗುಂಪಿನಲ್ಲಿ ಫ್ಲೂ ಲಸಿಕೆಯ ಚರ್ಚೆ

ಸುಬ್ಬಣ್ಣ ಚಿಕ್ಕಪ್ಪ (ಫಾರ್ವರ್ಡ್): ಪೋಷಕರೇ ಎಚ್ಚರ! ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಹಾಕುವುದನ್ನು ಜಪಾನ್ 1994ರಲ್ಲೇ ನಿಲ್ಲಿಸಿತು. ಅಷ್ಟು ಮುಂದುವರಿದ ದೇಶಕ್ಕೇ ಬೇಡವಾದದ್ದು ನಮ್ಮ ಮಕ್ಕಳಿಗೆ ಯಾಕೆ? ಎಲ್ಲಾ ಗುಂಪುಗಳಿಗೂ ಕಳಿಸಿ.

ಸುಬ್ಬಣ್ಣ ಚಿಕ್ಕಪ್ಪ: ಶ್ರುತಿ, ಓದಿದೆಯಾ? ನಿನ್ನ ಮಕ್ಕಳಿಬ್ಬರಿಗೂ, ನಂದುಗೂ ಚಿನ್ಮಯಿಗೂ, ಇಂಜೆಕ್ಷನ್ ಹಾಕಿಸಬೇಕು ಅನ್ನುತ್ತಿದ್ದೆಯಲ್ಲ.

ವನಜತ್ತೆ: ನಮ್ಮ ಕಾಲದಲ್ಲಿ ಕಷಾಯ ಕುಡಿದು ಎರಡು ದಿನ ಮಲಗಿದರೆ ನೆಗಡಿ ಬಿಟ್ಟು ಹೋಗುತ್ತಿತ್ತು.

ಶ್ರುತಿ: ಮಾವ, ಹಾಕಿಸಿ ಅಂತ ಮಕ್ಕಳ ಡಾಕ್ಟರೇ ಹೇಳಿದ್ದು. ನನಗೂ ಗೊಂದಲ ಇದೆ. ಸುಮಕ್ಕ ಏನಾದರೂ ಹೇಳಲಿ.

ಸುಮಾ: ಅತ್ತೆ, ನೆಗಡಿ ಬೇರೆ, ಫ್ಲೂ ಬೇರೆ. ಹೋದ ಮಳೆಗಾಲದಲ್ಲಿ ಅಜ್ಜಿಗೆ ಆಕ್ಸಿಜನ್ ಹಾಕಬೇಕಾಗಿ ಬಂದದ್ದು ನೆಗಡಿಯಿಂದಲ್ಲ. ಚಿಕ್ಕಪ್ಪ, ಜಪಾನ್ ನಿಲ್ಲಿಸಿದ್ದು ನಿಜ. ಇಸವಿಯೂ ಸರಿ. ಆದರೆ ನಿಲ್ಲಿಸಿದ ಮೇಲೆ ಏನಾಯಿತು ಅನ್ನುವುದನ್ನು ಈ ಮೆಸೇಜ್ ಬರೆದವರು ಬಿಟ್ಟಿದ್ದಾರೆ.

ಸುಬ್ಬಣ್ಣ ಚಿಕ್ಕಪ್ಪ: ಏನಾಯಿತು? ಅಲ್ಲಿನ ಮಕ್ಕಳು ಚೆನ್ನಾಗಿಯೇ ಇದ್ದಾರಲ್ಲ.

ಸುಮಾ: ಸಾವು ಜಾಸ್ತಿಯಾದದ್ದು ವಯಸ್ಸಾದವರಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಸುಮಾ: ಅಮೆರಿಕದ ಹ್ಯೂಸ್ಟನ್‌ನಲ್ಲಿ, ಬೇಲರ್ ಕಾಲೇಜ್ ಆಫ್ ಮೆಡಿಸಿನ್‌ನಲ್ಲಿ, ಪಾಲ್ ಗ್ಲೆಜೆನ್ ಅಂತ ಒಬ್ಬ ಮಕ್ಕಳ ವೈದ್ಯರಿದ್ದರು. ಮಕ್ಕಳ ಸೋಂಕು ರೋಗಗಳೇ ಅವರ ಕೆಲಸ. ಅವರ ತಂಡ 1974ರಿಂದ ಊರಿನ ಕ್ಲಿನಿಕ್‌ಗಳಿಗೆ ಜ್ವರ, ಕೆಮ್ಮು ಅಂತ ಬಂದವರ ಗಂಟಲು, ಮೂಗಿನ ದ್ರವ ತೆಗೆದು ವೈರಸ್ ಇದೆಯಾ ಅಂತ ನೋಡುತ್ತಾ ಹೋಯಿತು. ವರ್ಷವರ್ಷವೂ ಸುಮಾರಾಗಿ ಒಂದೇ ಥರ ಕಾಣಿಸಿತು. ಫ್ಲೂ ಸೀಸನ್ ಶುರುವಾದಾಗ ಮೊದಲು ಬೀಳುವವರು ಶಾಲೆಗೆ ಹೋಗುವ ಮಕ್ಕಳು. ಕೆಲವು ವಾರ ಕಳೆದ ಮೇಲೆ ಪುಟ್ಟ ಮಕ್ಕಳ ಮತ್ತು ದೊಡ್ಡವರ ಪಾಲು ಏರುತ್ತದೆ. ಅಂದರೆ ಕಾಯಿಲೆ ಶಾಲೆಯಿಂದ ಮನೆಗೆ ಬರುತ್ತಿದೆ.

ಆಗ ಅಮೆರಿಕದಲ್ಲಿ ಫ್ಲೂ ಲಸಿಕೆ ಅಂದರೆ ಮುಖ್ಯವಾಗಿ ವಯಸ್ಸಾದವರಿಗೆ ಮತ್ತು ಬೇರೆ ಕಾಯಿಲೆ ಇರುವವರಿಗೆ. ಸಾಯುವವರು ಅವರೇ ಅಲ್ವಾ, ಅವರಿಗೇ ಹಾಕೋಣ ಅನ್ನುವ ಲೆಕ್ಕ. ಆದರೆ ವಯಸ್ಸಾದ ದೇಹಕ್ಕೆ ಲಸಿಕೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಹಾಗಾದರೆ ಹರಡುವವರಲ್ಲೇ ತಡೆಯೋಣ, ಶಾಲಾ ಮಕ್ಕಳಿಗೆ ಹಾಕೋಣ ಅಂತ ಗ್ಲೆಜೆನ್ ದಶಕಗಳ ಕಾಲ ವಾದಿಸಿದರು. ಜಪಾನ್ ಅದನ್ನು ಆಗಲೇ ಮಾಡಿತ್ತು. ಅಲ್ಲಿ 1962ರಲ್ಲಿ ಶಾಲಾ ಮಕ್ಕಳಿಗೆ ಲಸಿಕೆ ಶುರುವಾಯಿತು, 1977ರಲ್ಲಿ ಕಡ್ಡಾಯವಾಯಿತು. 1987ರಲ್ಲಿ ಬೇಡ ಅನ್ನಲು ಪೋಷಕರಿಗೆ ಅವಕಾಶ ಸಿಕ್ಕಿತು. 1994ರಲ್ಲಿ ಪೂರ್ತಿ ನಿಂತಿತು. ಆ ಕಾಲದಲ್ಲಿ ಅಲ್ಲಿನ ವೃದ್ಧರಿಗೆ ಫ್ಲೂ ಲಸಿಕೆ ಹಾಕುತ್ತಿದ್ದದ್ದು ತೀರಾ ಕಡಿಮೆ. ಆದರೂ ಮಕ್ಕಳಿಗೆ ಹಾಕುತ್ತಿದ್ದ ವರ್ಷಗಳಲ್ಲಿ ಚಳಿಗಾಲದ ಹೆಚ್ಚುವರಿ ಸಾವು, ಅಂದರೆ ಬೇರೆ ತಿಂಗಳುಗಳಿಗಿಂತ ಚಳಿಗಾಲದಲ್ಲಿ ಜಾಸ್ತಿಯಾಗುವ ಸಾವು, ಇಳಿದಿತ್ತು. ಮಕ್ಕಳಿಗೆ ನಿಂತ ಮೇಲೆ ಮತ್ತೆ ಏರಿತು. ಇದನ್ನು ಲೆಕ್ಕ ಹಾಕಿದ 2001ರ ಪ್ರಬಂಧದಲ್ಲಿ ಗ್ಲೆಜೆನ್ ಕೂಡ ಲೇಖಕರು. ವರ್ಷಕ್ಕೆ 37,000ದಿಂದ 49,000 ಸಾವು ತಪ್ಪಿತ್ತು, ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದರೆ ಒಂದು ಜೀವ ಉಳಿಯುತ್ತಿತ್ತು ಅಂತ ಅದರಲ್ಲಿದೆ.

ರಘು ಭಾವ: ಇದು ನನಗೆ ಗೊತ್ತೇ ಇರಲಿಲ್ಲ.

ಸುಬ್ಬಣ್ಣ ಚಿಕ್ಕಪ್ಪ: ಅಷ್ಟು ಒಳ್ಳೆಯದಾಗಿದ್ದರೆ ನಿಲ್ಲಿಸಿದ್ದು ಯಾಕೆ ಸುಮಾ? ಸುಮ್ನೆ ನಿಲ್ಲಿಸುತ್ತಾರಾ?

ಸುಮಾ: ಸುಮ್ನೆ ನಿಲ್ಲಿಸಲಿಲ್ಲ. ಲಸಿಕೆಗಳಿಂದ ತೊಂದರೆಯಾಯಿತು ಅಂತ ಕುಟುಂಬಗಳು ಕೋರ್ಟಿಗೆ ಹೋಗಿದ್ದವು. 1992ರಲ್ಲಿ ಟೋಕಿಯೊ ಹೈಕೋರ್ಟ್ ಸರ್ಕಾರವೇ ಹೊಣೆ ಅಂತ ತೀರ್ಪು ಕೊಟ್ಟಿತು. ಕಾನೂನೇ ಬದಲಾಯಿತು, ಕಡ್ಡಾಯ ಅನ್ನುವುದು ಹೋಯಿತು, ಫ್ಲೂ ಲಸಿಕೆ ಪಟ್ಟಿಯಿಂದಲೇ ಹೊರಗೆ ಬಿತ್ತು. ಇದರಿಂದ ಪ್ರಯೋಜನವೇ ಇಲ್ಲ ಅನ್ನುವ ಮಾತೂ ಆಗ ಜೋರಾಗಿತ್ತು.

ಸುಬ್ಬಣ್ಣ ಚಿಕ್ಕಪ್ಪ: ಅದನ್ನೇ ನಾನೂ ಈಗ ಹುಡುಕಿ ಓದಿದೆ. ಮಾಯೆಬಾಶಿ ಅನ್ನುವ ಊರಿನಲ್ಲಿ ಒಂದು ಮಗುವಿಗೆ ಫಿಟ್ಸ್ ಬಂತು, ಅಲ್ಲಿನ ಡಾಕ್ಟರುಗಳು ಲಸಿಕೆ ನಿಲ್ಲಿಸಿದರು. ಆಮೇಲೆ ಲಸಿಕೆ ಹಾಕುವ ಅಕ್ಕಪಕ್ಕದ ಊರುಗಳ ಜೊತೆ ಹೋಲಿಸಿ ನೋಡಿದರೆ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಡಾಕ್ಟರುಗಳೇ ಬರೆದ ವರದಿ ಅದು.

ಸುಮಾ: ಹೌದು, 1987ರ ವರದಿ. ಒಳ್ಳೆಯ ಪ್ರಶ್ನೆ ಎತ್ತಿದಿರಿ ಚಿಕ್ಕಪ್ಪ. ಆದರೆ ಅಲ್ಲಿ ಹೆಚ್ಚಾಗಿ ಎಣಿಸಿದ್ದು ಜ್ವರ ಬಂದು ಶಾಲೆಗೆ ರಜೆ ಹಾಕಿದ ಮಕ್ಕಳನ್ನು. ಚಳಿಗಾಲದಲ್ಲಿ ಜ್ವರ ತರುವ ವೈರಸ್‌ಗಳು ಹತ್ತಾರು ಇವೆ. ಫ್ಲೂ ಲಸಿಕೆ ಫ್ಲೂವನ್ನು ಮಾತ್ರ ತಡೆಯುತ್ತದೆ. ಎಲ್ಲಾ ಜ್ವರವನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಲಸಿಕೆಯ ಪರಿಣಾಮ ಅದರಲ್ಲೇ ಮುಚ್ಚಿಹೋಗುತ್ತದೆ. ಗ್ಲೆಜೆನ್ ತಂಡ ಲ್ಯಾಬಿನಲ್ಲಿ ವೈರಸ್ ಬೆಳೆಸಿ ನೋಡಿದ್ದು ಯಾಕೆ ಮುಖ್ಯ ಅಂದರೆ ಇದಕ್ಕೇ.

ರವಿ: ಅಕ್ಕ, ನಾನು ಲಸಿಕೆಯ ಪರ. ಆದರೂ 37,000 ಅನ್ನುವುದನ್ನು ಹಾಗೇ ಒಪ್ಪಲು ಆಗುವುದಿಲ್ಲ. ಅದೇ ಕಾಲದಲ್ಲಿ ಜಪಾನಿನಲ್ಲಿ ವಯಸ್ಸಾದವರ ಸಂಖ್ಯೆಯೇ ಏರುತ್ತಿತ್ತು. ವೃದ್ಧರು ಜಾಸ್ತಿಯಾದರೆ ಚಳಿಗಾಲದ ಸಾವೂ ಜಾಸ್ತಿಯಾಗುತ್ತದೆ. ಲಸಿಕೆ ಹಾಕುವಾಗ ಸಾವಿನ ಗೆರೆ ಇಳಿಯಿತು, ಲಸಿಕೆ ನಿಂತಾಗ ಏರಿತು ಅಂದ ಮಾತ್ರಕ್ಕೆ ಲಸಿಕೆಯಿಂದಲೇ ಅದು ಅನ್ನಲಾಗದು. 2011ರಲ್ಲಿ ಮತ್ತೊಮ್ಮೆ ಲೆಕ್ಕ ಮಾಡಿದ್ದಾರೆ. ವಯಸ್ಸಿನ ಬದಲಾವಣೆಯನ್ನು ಸರಿಹೊಂದಿಸಿ, ಅಮೆರಿಕವನ್ನು ಹೋಲಿಕೆಗೆ ಇಟ್ಟುಕೊಂಡು. 2001ರ ತಂಡದಲ್ಲಿದ್ದ ಲೋನ್ ಸಿಮನ್ಸನ್ ಇದರಲ್ಲೂ ಇದ್ದಾರೆ. ಆ ಲೆಕ್ಕದಲ್ಲಿ ವೃದ್ಧರ ಫ್ಲೂ ಸಾವು 36% ಕಡಿಮೆಯಾಗಿತ್ತು. ವರ್ಷಕ್ಕೆ ಸುಮಾರು 1,000 ಜೀವ.

ಸುಬ್ಬಣ್ಣ ಚಿಕ್ಕಪ್ಪ: ನೋಡಿದೆಯಾ ಸುಮಾ? 37,000 ಎಲ್ಲಿ, 1,000 ಎಲ್ಲಿ.

ಸುಮಾ: ರವಿ ಹೇಳಿದ್ದು ಸರಿ. ಎರಡನೆಯ ಲೆಕ್ಕವೇ ಹೆಚ್ಚು ಗಟ್ಟಿ. ಆದರೆ ಚಿಕ್ಕಪ್ಪ, 1,000 ಅಂದರೆ ಸಣ್ಣದಾ? ಲಸಿಕೆಯನ್ನೇ ಕಾಣದ ವೃದ್ಧರಲ್ಲಿ ಮೂರರಲ್ಲಿ ಒಂದು ಸಾವು ತಪ್ಪಿದೆ. ಮೊಮ್ಮಕ್ಕಳ ತೋಳಿಗೆ ಹಾಕಿದ ಸೂಜಿಯಿಂದ. ನಮ್ಮ ಅಜ್ಜಿಯನ್ನು ನೆನಪಿಟ್ಟುಕೊಂಡು ಆ ಸಂಖ್ಯೆಯನ್ನು ಓದಿ.

ರವಿ: ಬರೀ ಗ್ರಾಫ್ ನೋಡಿ ಹೇಳಿದ್ದಲ್ಲ, ಪ್ರಯೋಗ ಮಾಡಿಯೇ ನೋಡಿದ್ದಾರೆ ಅನ್ನುವುದಕ್ಕೆ ಏನಿದೆ ಅಕ್ಕ?

ಸುಮಾ: ಇದೆ. ಗ್ಲೆಜೆನ್ ತಾವೇ 1998ರಿಂದ ಟೆಕ್ಸಾಸಿನ ಟೆಂಪಲ್, ಬೆಲ್ಟನ್ ಅನ್ನುವ ಎರಡು ಅಕ್ಕಪಕ್ಕದ ಊರುಗಳಲ್ಲಿ ಮಾಡಿದರು. ಪೆಡ್ರೊ ಪಿಯೆಡ್ರಾ ಅನ್ನುವ ಇನ್ನೊಬ್ಬ ಮಕ್ಕಳ ವೈದ್ಯರು ಜೊತೆಗಿದ್ದರು. ಒಂದೂವರೆ ವರ್ಷದಿಂದ 18 ವರ್ಷದವರೆಗಿನ ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಲಸಿಕೆ. ಅಲ್ಲಿ ಲಸಿಕೆ ಪಡೆದ ಮಕ್ಕಳು 20ರಿಂದ 25%ದಷ್ಟೇ. ಆದರೂ ಲಸಿಕೆ ಕೊಡದ ಊರುಗಳಿಗೆ ಹೋಲಿಸಿದರೆ 35 ದಾಟಿದ ದೊಡ್ಡವರಲ್ಲಿ ಉಸಿರಾಟದ ಕಾಯಿಲೆ 8ರಿಂದ 18% ಕಡಿಮೆ ಇತ್ತು.

ಅದಕ್ಕಿಂತ ಬಲವಾದದ್ದು ಕೆನಡಾದ್ದು. ಮಾರ್ಕ್ ಲೋಬ್ ಅನ್ನುವವರ ತಂಡ ಮಾಡಿದ್ದು, 2010ರಲ್ಲಿ ಪ್ರಕಟವಾಯಿತು. ಹಟರೈಟ್ ಅನ್ನುವ ಧಾರ್ಮಿಕ ಸಮುದಾಯದವರು ಹೊರಗಿನವರಿಂದ ಸ್ವಲ್ಪ ದೂರವಾಗಿ, ಒಟ್ಟಿಗೆ ಬೇಸಾಯ ಮಾಡಿಕೊಂಡು, ಒಟ್ಟಿಗೆ ಊಟ ಮಾಡಿಕೊಂಡು ಇರುತ್ತಾರೆ. ಅಂಥ 49 ವಸತಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದರಲ್ಲಿ 3ರಿಂದ 15 ವರ್ಷದ ಮಕ್ಕಳಿಗೆ ಫ್ಲೂ ಲಸಿಕೆ, ಇನ್ನೊಂದರಲ್ಲಿ ಹೆಪಟೈಟಿಸ್ ಎ ಅನ್ನುವ ಕಾಮಾಲೆಯ ಲಸಿಕೆ. ಯಾರಿಗೆ ಯಾವುದು ಅಂತ ಅಲ್ಲಿನ ಜನರಿಗೆ ಗೊತ್ತಿರಲಿಲ್ಲ. ಆ ಸೀಸನ್‌ನಲ್ಲಿ ಮಕ್ಕಳಿಗೆ ಫ್ಲೂ ಲಸಿಕೆ ಹಾಕಿದ ವಸತಿಗಳಲ್ಲಿ, ಲಸಿಕೆ ಪಡೆಯದ ಉಳಿದವರಿಗೂ 61% ರಕ್ಷಣೆ ಸಿಕ್ಕಿತು. ಎಲ್ಲವೂ ಲ್ಯಾಬಿನಲ್ಲಿ ಖಚಿತವಾದ ಫ್ಲೂ.

ರವಿ: ಇದಕ್ಕೆ ನನ್ನ ತಕರಾರಿಲ್ಲ.

ಶ್ರುತಿ: ಅಕ್ಕ, ತಪ್ಪು ತಿಳಿಯಬೇಡಿ. ಅಜ್ಜಿ ಅಂದರೆ ನನಗೂ ಪ್ರಾಣ. ಆದರೆ ತಾಯಿಯಾಗಿ ಕೇಳುತ್ತೇನೆ. ದೊಡ್ಡವರು ಉಳಿಯಲಿ ಅಂತ ನನ್ನ ಮಗುವಿಗೆ ಸೂಜಿ ಚುಚ್ಚಿಸುವುದು ಸರಿನಾ? ನಂದುಗೆ ಇನ್ನೂ ನಾಲ್ಕು ವರ್ಷ.

ಸುಬ್ಬಣ್ಣ ಚಿಕ್ಕಪ್ಪ: ನನ್ನ ಮಾತೂ ಅದೇ. ನಮಗೆ ವಯಸ್ಸಾಗಿದೆ. ನಮಗೋಸ್ಕರ ಕೂಸುಗಳಿಗೆ ಯಾಕೆ?

ಸುಮಾ: ತಪ್ಪು ತಿಳಿಯುವ ಮಾತೇ ಇಲ್ಲ ಶ್ರುತಿ. ಇಡೀ ಚರ್ಚೆಯಲ್ಲಿ ಇದೇ ಕಷ್ಟದ ಪ್ರಶ್ನೆ. ಮಗುವಿಗೆ ಏನೂ ಸಿಗದೆ ಬೇರೆಯವರಿಗೆ ಮಾತ್ರ ಲಾಭ ಅಂದರೆ ನಾನೂ ಬೇಡ ಅನ್ನುತ್ತಿದ್ದೆ. ಆದರೆ ಫ್ಲೂ ಅತಿ ಹೆಚ್ಚು ತಗಲುವುದೇ ಮಕ್ಕಳಿಗೆ. ಐದು ವರ್ಷದ ಒಳಗಿನವರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗುವುದುಂಟು, ಕಿವಿ ಸೋರುವುದುಂಟು, ಜ್ವರ ಏರಿ ಫಿಟ್ಸ್ ಬರುವುದೂ ಉಂಟು. ಭಾರತದ ಮಕ್ಕಳ ವೈದ್ಯರ ಸಂಘ 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವರ್ಷವರ್ಷ ಹಾಕಿಸಿ ಅನ್ನುವುದು ಆ ಮಕ್ಕಳಿಗಾಗಿಯೇ, ಅಜ್ಜಿಯರಿಗಾಗಿ ಅಲ್ಲ. ಅಜ್ಜಿಗೆ ಸಿಗುವುದು ಅದರ ಮೇಲಿನದು. ಗ್ಲೆಜೆನ್ ಮಕ್ಕಳ ವೈದ್ಯರು, ಅದನ್ನು ಮರೆಯಬೇಡ. ಮಕ್ಕಳನ್ನು ಮುಂದಿಟ್ಟು ದೊಡ್ಡವರನ್ನು ಉಳಿಸಲು ಹೊರಟವರಲ್ಲ. ಕಾಯಿಲೆ ಬಿದ್ದ ಮಕ್ಕಳನ್ನು ನೋಡುತ್ತಾ ನೋಡುತ್ತಾ, ಇಲ್ಲಿ ತಡೆದರೆ ಮನೆಯವರೂ ಉಳಿಯುತ್ತಾರೆ ಅಂತ ಕಂಡುಕೊಂಡವರು.

ಜಪಾನಿನಲ್ಲೂ ನಿಲ್ಲಿಸಿದ ಮೇಲೆ ಮಕ್ಕಳು ಚೆನ್ನಾಗಿಯೇ ಇದ್ದರು ಅನ್ನಲು ಆಗುವುದಿಲ್ಲ. ಟೋಕಿಯೊದ ಒಂದು ಪ್ರಾಥಮಿಕ ಶಾಲೆಯ 24 ವರ್ಷಗಳ ದಾಖಲೆ ತೆಗೆದು ನೋಡಿದ್ದಾರೆ. ಲಸಿಕೆ ನಿಂತ ಕಾಲದಲ್ಲಿ ಫ್ಲೂ ಬಂದು ತರಗತಿ ಮುಚ್ಚಿದ ದಿನಗಳು ಏರಿದವು. ಪೋಷಕರು ತಾವಾಗಿ ಮತ್ತೆ ಹಾಕಿಸಲು ಶುರು ಮಾಡಿದ ಮೇಲೆ ಇಳಿದವು.

ವನಜತ್ತೆ: ಲಸಿಕೆ ಹಾಕಿದ ಮೇಲೂ ಫ್ಲೂ ಬರುತ್ತದಂತೆ. ಪಕ್ಕದ ಮನೆಯವರಿಗೆ ಬಂತು.

ಸುಮಾ: ಬರುತ್ತದೆ ಅತ್ತೆ. ಲಸಿಕೆಗೂ ಆ ವರ್ಷದ ವೈರಸ್‌ಗೂ ಚೆನ್ನಾಗಿ ಹೊಂದಿದ ವರ್ಷದಲ್ಲೂ 40ರಿಂದ 60% ರಕ್ಷಣೆ ಅಷ್ಟೇ. ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ಅದಕ್ಕೇ ಪ್ರತಿ ವರ್ಷ ಹಾಕಿಸಬೇಕು. ಅಜ್ಜಿಗೆ ಒಬ್ಬರಿಗೇ ಹಾಕಿಸಿದರೆ ಸಾಲದು ಅನ್ನುವುದೂ ಇದಕ್ಕೇ.

ರಘು ಭಾವ: ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಬಿಟ್ಟಿ ಹಾಕುವ ಪಟ್ಟಿಯಲ್ಲಿ ಇದಿಲ್ಲ ಅಲ್ವಾ? ಎರಡು ಮಕ್ಕಳು, ಒಬ್ಬ ಅಜ್ಜಿ ಅಂದರೆ ಖರ್ಚೂ ಆಗುತ್ತದೆ. ಎಲ್ಲರ ಕೈಯಲ್ಲೂ ಆಗುವುದಿಲ್ಲ.

ಸುಮಾ: ನಿಜ ಭಾವ. ಬ್ರಿಟನ್‌ನಲ್ಲಿ 2013ರಿಂದ ಹಂತಹಂತವಾಗಿ ಮಕ್ಕಳಿಗೆ ಮೂಗಿನ ಲಸಿಕೆಯನ್ನು ಸರ್ಕಾರವೇ ಕೊಡುತ್ತಿದೆ. ನಮ್ಮಲ್ಲಿ ಹಾಗಿಲ್ಲ, ಅದು ನನಗೆ ಬೇಸರದ ವಿಷಯ. ಕೊಳ್ಳಲು ಆಗುವ ಮನೆಗಳು ಕೊಂಡು ಹಾಕಿಸಲಿ. ಈ ಸಲದ ಅಜ್ಜಿ, ಮಕ್ಕಳ ಖರ್ಚು ನನಗಿರಲಿ.

ಶ್ರುತಿ: ಯಾವಾಗ ಹಾಕಿಸಬೇಕು ಅಕ್ಕ? ಶಾಲೆ ಜೂನ್‌ಗೆ ಶುರು.

ಸುಮಾ: ಈಗಲೇ. ನಮ್ಮ ಕಡೆ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಮಕ್ಕಳಿಬ್ಬರಿಗೂ ಮೊದಲ ಸಲ, ಒಂಬತ್ತು ವರ್ಷ ತುಂಬಿಲ್ಲ. ಹಾಗಾಗಿ ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು. ಹಾಕಿದ ಮೇಲೆ ರಕ್ಷಣೆ ಬರಲು ಎರಡು ವಾರ ಹಿಡಿಯುತ್ತದೆ. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಚಿನ್ಮಯಿಗೆ ಐದು ದಾಟಿದೆ, ಆದರೂ ಅಜ್ಜಿಯ ಪಕ್ಕ ಮಲಗುವವಳು ಅವಳೇ. ಅವಳಿಗೂ ಹಾಕಿಸು.

ಶ್ರುತಿ: ಸರಿ ಅಕ್ಕ. ನಾಳೆ ಫೋನ್ ಮಾಡಿ ಟೋಕನ್ ತೆಗೆದುಕೊಳ್ಳುತ್ತೇನೆ. ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತೇವೆ.

ಸುಬ್ಬಣ್ಣ ಚಿಕ್ಕಪ್ಪ: ನಾನು ಬೇಡ ಅನ್ನುವುದಿಲ್ಲ. ಆದರೆ ಶಾಲೆಯವರು ಕಡ್ಡಾಯ ಅಂದರೆ ಮೊದಲು ವಿರೋಧಿಸುವವನು ನಾನೇ. ಜಪಾನ್‌ನಲ್ಲಿ ಜನ ತಿರುಗಿ ಬಿದ್ದದ್ದು ಅದಕ್ಕೇ.

ಸುಮಾ: ಅದರಲ್ಲಿ ನಾನು ನಿಮ್ಮ ಜೊತೆಗಿದ್ದೇನೆ ಚಿಕ್ಕಪ್ಪ. ಒತ್ತಾಯ ಮಾಡಿದ್ದರಿಂದ ನಂಬಿಕೆ ಹೋಯಿತು, ನಂಬಿಕೆಯ ಜೊತೆ ಲಸಿಕೆಯೂ ಹೋಯಿತು. ಒಂದು ಕೇಳಿಕೊಳ್ಳುತ್ತೇನೆ. ಆ ಮೆಸೇಜ್ ನಿಮಗೆ ಬಂದ ಗುಂಪಿನಲ್ಲಿ ನಿಮ್ಮ ಓರಗೆಯವರೇ ಜಾಸ್ತಿ ಅಲ್ವಾ? 1994ರ ನಂತರ ಏನಾಯಿತು ಅನ್ನುವುದನ್ನೂ ಅವರಿಗೆ ಕಳಿಸಿ. ಅವರ ಮನೆಗಳಲ್ಲೂ ಮೊಮ್ಮಕ್ಕಳಿದ್ದಾರೆ.

ಸುಬ್ಬಣ್ಣ ಚಿಕ್ಕಪ್ಪ: ಕಳಿಸುತ್ತೇನೆ. ಯಾವ ಸಂಖ್ಯೆ ಹಾಕಲಿ, ನಿನ್ನದೋ ರವಿಯದೋ?

ಸುಮಾ: ರವಿಯದನ್ನೇ ಹಾಕಿ. ವರ್ಷಕ್ಕೆ 1,000.