ಅಪ್ಪನ ಡಿಸ್ಚಾರ್ಜ್ ಪುಸ್ತಕದಲ್ಲಿ 1971ರ ಪಶ್ಚಿಮಿ ಸ್ಟಾರ್ ಇಲ್ಲ: ದಾಖಲೆ ತಿದ್ದಿಸುವುದು ಹೇಗೆ?

ಹೊಸನಗರದ ಮಗಳು:
ಎಲ್ಲರಿಗೂ ನಮಸ್ಕಾರ. ನನ್ನ ತಂದೆ 1966ರಲ್ಲಿ ಸೈನ್ಯದ ಇಂಜಿನಿಯರ್ ದಳಕ್ಕೆ ಸೇರಿ, 1982ರಲ್ಲಿ ಪಿಂಚಣಿಯೊಂದಿಗೆ ನಿವೃತ್ತರಾಗಿ ಊರಿಗೆ ಬಂದವರು. ಪಾಕಿಸ್ತಾನದ ವಿರುದ್ಧದ ಯುದ್ಧ ನಡೆದ 1971ರ ಡಿಸೆಂಬರ್‌ನಲ್ಲಿ ಶಕರ್‌ಗಢ ಭಾಗದಲ್ಲಿ, ಬಸಂತರ್ ನದಿಯ ಬಳಿ, ನಮ್ಮ ಟ್ಯಾಂಕ್‌ಗಳಿಗೆ ದಾರಿ ಬಿಡಿಸಲು ನೆಲಬಾಂಬ್ ತೆಗೆಯುವ ಕೆಲಸದಲ್ಲಿದ್ದರು. ಆದರೆ ಬಿಡುಗಡೆಯಾಗುವಾಗ ಸೈನ್ಯ ಕೊಟ್ಟ ಡಿಸ್ಚಾರ್ಜ್ ಪುಸ್ತಕದ ಪದಕಗಳ ಪುಟದಲ್ಲಿ ಇರುವುದು ಎರಡೇ: ಸಂಗ್ರಾಮ್ ಪದಕ ಮತ್ತು ಸ್ವಾತಂತ್ರ್ಯದ 25ನೇ ವರ್ಷದ ಪದಕ. ಪಶ್ಚಿಮ ರಂಗದಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಪದಕ ಇಲ್ಲ. ಟ್ರಂಕಿನಲ್ಲಿರುವುದೂ ಆ ಎರಡು ಪದಕಗಳೇ. ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಅವರನ್ನು ಬೇರೆ ಘಟಕಕ್ಕೆ ವರ್ಗ ಮಾಡಿದ್ದರಂತೆ.

ಅಪ್ಪನಿಗೆ ಈಗ ಎಂಬತ್ತರ ಹತ್ತಿರ. ಅವರು ಬದುಕಿರುವಾಗಲೇ ಇದು ಸರಿಯಾಗಬೇಕೆಂದು ನನ್ನ ಆಸೆ. ಪರಿಚಯದ ಒಬ್ಬರು, "ಹಣ ಕೊಟ್ಟರೆ ಮಾಡಿಸಿಕೊಡುತ್ತೇನೆ, ಪಿಂಚಣಿಯೂ ಹೆಚ್ಚುತ್ತದೆ" ಎನ್ನುತ್ತಿದ್ದಾರೆ. ಇದು ನಿಜವೇ? ಎಲ್ಲಿಂದ ಶುರು ಮಾಡಬೇಕು?

ನಿವೃತ್ತ ಸುಬೇದಾರ್, ಸಾಗರ:
ತಂಗಿ, ಮೊದಲನೆಯದಾಗಿ ಆ ಮನುಷ್ಯನಿಗೆ ಒಂದು ರೂಪಾಯಿಯನ್ನೂ ಕೊಡಬೇಡ. ಯುದ್ಧದಲ್ಲಿ ಸೇವೆ ಸಲ್ಲಿಸಿದ್ದಕ್ಕೆ ಕೊಡುವ ಪದಕಗಳಿಗೆ ಮಾಸಿಕ ಭತ್ಯೆ ಇಲ್ಲ. ಭತ್ಯೆ ಇರುವುದು ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರದಂಥ ಶೌರ್ಯ ಪದಕಗಳಿಗೆ. ಪಶ್ಚಿಮಿ ಸ್ಟಾರ್ ನಮೂದಾದ ಮಾತ್ರಕ್ಕೆ ಪಿಂಚಣಿ ಏರುವುದಿಲ್ಲ. ದಾಖಲೆ ತಿದ್ದಿಸಲು ಕಚೇರಿಗೆ ಶುಲ್ಕವನ್ನೂ ಕಟ್ಟಬೇಕಿಲ್ಲ.

ಇನ್ನೊಂದು ಮಾತು. ಸಂಗ್ರಾಮ್ ಪದಕ ಇದೆಯೆಂದು ಸ್ಟಾರ್ ತಾನಾಗಿ ಬರುವುದಿಲ್ಲ. ಸಂಗ್ರಾಮ್ ಪದಕದ ವ್ಯಾಪ್ತಿ ದೊಡ್ಡದು, ಗಡಿ ರಾಜ್ಯಗಳಲ್ಲಿ ಆ ಅವಧಿಯಲ್ಲಿ ಸೇವೆಯಲ್ಲಿದ್ದ ಬಹಳ ಜನರಿಗೆ ಸಿಕ್ಕಿತು. ಸ್ಟಾರ್ ಸಿಗುವುದು ಕಾರ್ಯಾಚರಣೆಯ ಪ್ರದೇಶದಲ್ಲಿ ಇದ್ದವರಿಗೆ: ಪೂರ್ವ ರಂಗಕ್ಕೆ ಪೂರ್ವಿ ಸ್ಟಾರ್, ಪಶ್ಚಿಮ ರಂಗಕ್ಕೆ ಪಶ್ಚಿಮಿ ಸ್ಟಾರ್. ನಿನ್ನ ತಂದೆ ಬಸಂತರ್ ದಡದಲ್ಲಿದ್ದರೆ ಅದು ಅವರ ಹಕ್ಕು. ಅಲ್ಲಿ ನೆಲಬಾಂಬ್‌ಗಳ ನಡುವೆ ದಾರಿ ತೆರೆದ ಇಂಜಿನಿಯರ್‌ಗಳು ಇಲ್ಲದಿದ್ದರೆ ಟ್ಯಾಂಕ್‌ಗಳು ನದಿ ದಾಟುತ್ತಲೇ ಇರಲಿಲ್ಲ. ಆ ಯುದ್ಧದ ಮಾತು ಬಂದಾಗ ಜನ ಟ್ಯಾಂಕ್‌ಗಳನ್ನು ನೆನೆಯುತ್ತಾರೆ, ದಾರಿ ಮಾಡಿಕೊಟ್ಟವರನ್ನು ಮರೆಯುತ್ತಾರೆ. ಇದು ನನಗೆ ಯಾವಾಗಲೂ ನೋವಿನ ಸಂಗತಿ.

ಕಡತದ ಕೆಲಸ ಮಾಡಿದವನು, ಶಿವಮೊಗ್ಗ:
ನಾನು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು, ಹಾಗಾಗಿ ಕಾಗದ ಹೇಗೆ ಓಡಾಡುತ್ತದೆ ಎನ್ನುವುದನ್ನು ವಿವರಿಸುತ್ತೇನೆ. ಸೈನಿಕನ ಬದುಕಿನಲ್ಲಿ ಏನೇ ಆದರೂ, ಅಂದರೆ ವರ್ಗಾವಣೆ, ಬಡ್ತಿ, ಮದುವೆ, ಮಕ್ಕಳ ಜನನ, ಪದಕ, ಎಲ್ಲವನ್ನೂ ಘಟಕವು ಪಾರ್ಟ್ ಟು ಆರ್ಡರ್ ಎಂಬ ಲಿಖಿತ ಆದೇಶದಲ್ಲಿ ಪ್ರಕಟಿಸುತ್ತದೆ. ಅದರ ಪ್ರತಿ ಆ ದಳದ ರೆಕಾರ್ಡ್ ಕಚೇರಿಗೆ ಹೋಗುತ್ತದೆ. ಅಲ್ಲಿ ಸೈನಿಕನ ಸೇವೆಯ ವಿವರಗಳಿರುವ ಶೀಟ್ ರೋಲ್‌ನಲ್ಲಿ ನಮೂದಾಗುತ್ತದೆ. ಬಿಡುಗಡೆಯ ಹೊತ್ತಿಗೆ ಶೀಟ್ ರೋಲ್ ನೋಡಿಕೊಂಡು ಡಿಸ್ಚಾರ್ಜ್ ಪುಸ್ತಕ ಬರೆಯುತ್ತಾರೆ. ಎಂದರೆ ನಿಮ್ಮ ಕೈಯಲ್ಲಿರುವ ಪುಸ್ತಕ ನಕಲಿನ ನಕಲು, ಮೂಲವಲ್ಲ.

ಆದ್ದರಿಂದ ಅಕ್ಕ, ಪುಸ್ತಕದಲ್ಲಿ ಇಲ್ಲ ಎಂದಮಾತ್ರಕ್ಕೆ ದಾಖಲೆಯಲ್ಲೇ ಇಲ್ಲವೆಂದು ತೀರ್ಮಾನಿಸಬೇಡಿ. ಆರ್ಡರ್ ಪ್ರಕಟವಾಗದೇ ಇದ್ದಿರಬಹುದು. ಯುದ್ಧದ ನಂತರ ವರ್ಗವಾದವರಲ್ಲಿ ಹೀಗಾಗುವ ಸಂಭವ ಹೆಚ್ಚು, ಏಕೆಂದರೆ ಹಳೆಯ ಘಟಕ ಪಟ್ಟಿ ಮಾಡುವ ಹೊತ್ತಿಗೆ ಮನುಷ್ಯ ಅಲ್ಲಿರುವುದಿಲ್ಲ, ಹೊಸ ಘಟಕಕ್ಕೆ ಅವನ ಹಿಂದಿನ ಕಥೆ ತಿಳಿದಿರುವುದಿಲ್ಲ. ಶೀಟ್ ರೋಲ್‌ನಲ್ಲಿ ನಮೂದಾಗಿಯೂ ಪುಸ್ತಕಕ್ಕೆ ಇಳಿಯದೇ ಇದ್ದಿರಬಹುದು. ಅಥವಾ ಎಲ್ಲ ಕಡೆ ನಮೂದಾಗಿ ಪದಕ ಮಾತ್ರ ಕೈಗೆ ಬಾರದೇ ಇದ್ದಿರಬಹುದು. ಮೂರಕ್ಕೂ ಬೇರೆ ಬೇರೆ ಪತ್ರ ಬರೆಯಬೇಕು. ಯಾವುದೆಂದು ಗೊತ್ತಿಲ್ಲದೆ "ನನ್ನ ತಂದೆಗೆ ಪದಕ ಕೊಡಿ" ಎಂದು ಬರೆದರೆ, "ಸೂಕ್ತ ದಾಖಲೆ ಒದಗಿಸಿ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ.

ಮೊದಲ ಪತ್ರದಲ್ಲಿ ಕೇಳಬೇಕಾದ್ದು ಇಷ್ಟೇ: ಶೀಟ್ ರೋಲ್‌ನ ಪದಕಗಳ ಭಾಗದ ದೃಢೀಕೃತ ಪ್ರತಿ, 1971–72ರಲ್ಲಿ ಅವರು ಯಾವ ಘಟಕದಲ್ಲಿದ್ದರು ಎಂಬ ವಿವರ, ಪಶ್ಚಿಮಿ ಸ್ಟಾರ್‌ಗೆ ಸಂಬಂಧಿಸಿದ ಪಾರ್ಟ್ ಟು ಆರ್ಡರ್ ಇದ್ದರೆ ಅದರ ಸಂಖ್ಯೆ ಮತ್ತು ತಾರೀಕು. ಸೈನಿಕ ಸಂಖ್ಯೆಯನ್ನು ಅದರ ಕೊನೆಯ ಅಕ್ಷರದೊಂದಿಗೆ ಬರೆಯಿರಿ. ಪಿಂಚಣಿ ಆದೇಶದ ಪ್ರತಿ, ಡಿಸ್ಚಾರ್ಜ್ ಪುಸ್ತಕದ ಪ್ರತಿ ಲಗತ್ತಿಸಿ. ಸಹಿ ನಿಮ್ಮದಲ್ಲ, ತಂದೆಯವರದೇ ಇರಲಿ. ಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ.

ಪತ್ರ ಹೋಗಬೇಕಾದ್ದು ಅವರ ದಳದ ರೆಕಾರ್ಡ್ ಕಚೇರಿಗೆ. ಇಂಜಿನಿಯರ್ ದಳದಲ್ಲಿ ಮದ್ರಾಸ್ ಗುಂಪಿನದು ಬೆಂಗಳೂರಿನಲ್ಲಿ, ಬೆಂಗಾಲ್ ಗುಂಪಿನದು ರೂರ್ಕಿಯಲ್ಲಿ, ಬಾಂಬೆ ಗುಂಪಿನದು ಪುಣೆಯ ಖಡ್ಕಿಯಲ್ಲಿ. ಇದನ್ನು ಓದುವ ಬೇರೆಯವರಿಗೂ ಹೇಳಿಬಿಡುತ್ತೇನೆ: ಮರಾಠಾ ಲಘು ಪದಾತಿ ದಳದವರು ಬೆಳಗಾವಿಗೆ, ಮದ್ರಾಸ್ ರೆಜಿಮೆಂಟಿನವರು ವೆಲಿಂಗ್ಟನ್‌ಗೆ, ತೋಪಖಾನೆಯವರು ನಾಸಿಕ್ ರೋಡ್‌ಗೆ ಬರೆಯಬೇಕು. ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕವೂ ಕಳುಹಿಸಬಹುದು. ಅವರ ಮುಖಪತ್ರ ಜೊತೆಗಿದ್ದರೆ ಅರ್ಜಿ ಮೂಲೆಗೆ ಬೀಳುವುದು ಕಡಿಮೆ.

ಪದಕ ಸಂಗ್ರಾಹಕ, ತೀರ್ಥಹಳ್ಳಿ:
ಮನೆಯಲ್ಲಿರುವ ಎರಡು ಪದಕಗಳ ಅಂಚನ್ನು ಒಮ್ಮೆ ನೋಡಿ ಮೇಡಂ. ಸಾಮಾನ್ಯವಾಗಿ ಅಂಚಿನ ಸುತ್ತ ಸೈನಿಕ ಸಂಖ್ಯೆ, ಹುದ್ದೆ, ಹೆಸರು ಒತ್ತಿರುತ್ತಾರೆ. ಹೆಸರನ್ನು ಸೈನ್ಯ ಯಾವ ರೀತಿ ಬರೆದುಕೊಂಡಿತ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು.

ಹಾಗೆಯೇ ಹಳೆಯ ಕಾಗದಗಳನ್ನು ಹುಡುಕಿ. ನಮ್ಮ ಕಡೆಯ ಮನೆಗಳಲ್ಲಿ ಬಂದ ಪತ್ರಗಳನ್ನೆಲ್ಲ ತಂತಿಗೆ ಚುಚ್ಚಿ ನೇತುಹಾಕುತ್ತಿದ್ದರಲ್ಲ, ಆ ಕಟ್ಟು ಅಟ್ಟದ ಮೇಲೆ ಇನ್ನೂ ಇರಬಹುದು. ಸೈನಿಕರ ವಿಳಾಸದಲ್ಲಿ 56 ಎಪಿಒ ಅಥವಾ 99 ಎಪಿಒ ಎಂದಿರುತ್ತದೆ; ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ. 99 ಪೂರ್ವ ಭಾಗದ್ದು, 56 ಪಶ್ಚಿಮ ಮತ್ತು ಉತ್ತರ ಭಾಗದ್ದು. ಲಕೋಟೆಯ ಮೇಲಿನ ಮುದ್ರೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸ್ ಸಂಖ್ಯೆಯೂ ತಾರೀಕೂ ಸಿಕ್ಕರೆ ಫೋಟೊ ತೆಗೆದಿಡಿ. ಅದೊಂದರಿಂದಲೇ ಅರ್ಹತೆ ಸಾಬೀತಾಗುವುದಿಲ್ಲ, ಆದರೆ ಘಟಕದ ವಿವರದ ಜೊತೆ ಇಟ್ಟಾಗ ತೂಕ ಬರುತ್ತದೆ.

ಮತ್ತೆ, ಮಳೆಗಾಲ ಶುರುವಾಗುವ ಮುನ್ನ ಡಿಸ್ಚಾರ್ಜ್ ಪುಸ್ತಕದ ಪ್ರತಿ ಪುಟವನ್ನೂ, ಖಾಲಿ ಪುಟಗಳನ್ನೂ ಸೇರಿಸಿ, ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮಲೆನಾಡಿನ ತೇವಕ್ಕೆ ಶಾಯಿ ಹರಡಿ, ಬೂಷ್ಟು ಹಿಡಿದು, ಗೆದ್ದಲು ತಿಂದು ಹೋದ ಪುಸ್ತಕಗಳನ್ನು ನೋಡಿ ನನಗೆ ಸಂಕಟವಾಗಿದೆ. ಲ್ಯಾಮಿನೇಷನ್ ಬೇಡ, ಮುಂದೆ ಅದರ ಮೇಲೆ ತಿದ್ದುಪಡಿಯ ಮುದ್ರೆ ಒತ್ತಲು ಆಗುವುದಿಲ್ಲ.

ಹೊಸನಗರದ ಮಗಳು:
ಎಲ್ಲರಿಗೂ ಕೃತಜ್ಞತೆಗಳು. ಅಂಚಿನಲ್ಲಿ ಹೆಸರು ಇದೆ. ಆದರೆ ಅಲ್ಲಿ ಇನಿಷಿಯಲ್ ಕೊನೆಯಲ್ಲಿದೆ, "ಗೌಡ" ಇಲ್ಲ. ಆಧಾರ್‌ನಲ್ಲಿ ಇನಿಷಿಯಲ್ ಮೊದಲು ಬಂದು ಗೌಡ ಸೇರಿದೆ. ಇದರಿಂದ ತೊಂದರೆಯಾಗುತ್ತದೆಯೇ? ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಕೆಲಸ ಬೇಗ ಆಗುತ್ತದೆ ಎಂದು ನನ್ನ ತಮ್ಮ ಹೇಳುತ್ತಾನೆ.

ಕಡತದ ಕೆಲಸ ಮಾಡಿದವನು, ಶಿವಮೊಗ್ಗ:
ಅರ್ಜಿಯಲ್ಲಿ ಸೈನ್ಯದ ದಾಖಲೆಯಲ್ಲಿರುವ ಹೆಸರನ್ನೇ ಅಕ್ಷರಶಃ ಬಳಸಿ. ಆಧಾರ್ ಹೆಸರನ್ನು ಈ ಪತ್ರದೊಳಗೆ ತರಬೇಡಿ. ಹೆಸರಿನ ತಿದ್ದುಪಡಿ ಬೇರೆ ಕೆಲಸ, ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ಎರಡೂ ನಿಂತುಹೋಗುತ್ತವೆ.

ಮಾಹಿತಿ ಹಕ್ಕು ಕಾಯ್ದೆ ಪ್ರತಿ ಪಡೆಯಲು ಒಳ್ಳೆಯ ದಾರಿ. ತಂದೆಯವರ ಹೆಸರಿನಲ್ಲಿ, 10 ರೂಪಾಯಿ ಶುಲ್ಕದೊಂದಿಗೆ ಹಾಕಿ. 30 ದಿನಗಳಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೊದಲ ಮೇಲ್ಮನವಿಗೆ ಅವಕಾಶವಿದೆ. ಆದರೆ ಆ ಕಾಯ್ದೆ ಇರುವ ಮಾಹಿತಿಯನ್ನು ಕೊಡಿಸುತ್ತದೆಯೇ ಹೊರತು ತಪ್ಪನ್ನು ತಿದ್ದಿಸುವುದಿಲ್ಲ. ಮೊದಲು ಸಾಮಾನ್ಯ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಪ್ರತಿ ಕೈಗೆ ಬಂದ ಮೇಲೆ ತಿದ್ದುಪಡಿಯ ಅರ್ಜಿ. ಎಲ್ಲವನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿಡಿ.

ಸೊರಬದ ಮೊಮ್ಮಗ:
ನಡುವೆ ಕೇಳುತ್ತಿರುವುದಕ್ಕೆ ಕ್ಷಮೆ ಇರಲಿ. ನನ್ನ ಅಜ್ಜ 1965ರ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದು, ಪಿಂಚಣಿಯಿಲ್ಲದೆ ಮನೆಗೆ ಬಂದವರು. ಈಗಿಲ್ಲ. ಅವರ ದಾಖಲೆ ಸಿಗಬಹುದೇ?

ನಿವೃತ್ತ ಸುಬೇದಾರ್, ಸಾಗರ:
ತಮ್ಮಾ, ಪಿಂಚಣಿ ಇಲ್ಲದವರ ಸೇವಾ ಕಡತವನ್ನು ಬಿಡುಗಡೆಯಾದ 25 ವರ್ಷಗಳ ನಂತರ ನಿಯಮದಂತೆ ನಾಶ ಮಾಡುತ್ತಾರೆ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ನೋಂದಣಿ ಪುಸ್ತಕ ಉಳಿದಿರುತ್ತದೆ. ಅದರಲ್ಲಿನ ನಮೂದಿನ ಪ್ರತಿಯನ್ನೇ ಕೇಳು. 1965ಕ್ಕೆ ಪದಕಗಳು ಎರಡು: ರಕ್ಷಾ ಪದಕ ಮತ್ತು ಸಮರ್ ಸೇವಾ ಸ್ಟಾರ್. ಎರಡನೆಯದು ಕಾರ್ಯಾಚರಣೆಯ ಪ್ರದೇಶದಲ್ಲಿದ್ದವರಿಗೆ. ಅಜ್ಜನ ಸೈನಿಕ ಸಂಖ್ಯೆ ಸಿಗದಿದ್ದರೆ ಹಳೆಯ ಮನಿಯಾರ್ಡರ್ ಚೀಟಿಗಳಲ್ಲಿ ಹುಡುಕು. ಮನೆಗೆ ಹಣ ಕಳಿಸುವಾಗ ಬಹಳ ಜನ ಸಂಖ್ಯೆಯನ್ನೂ ಬರೆಯುತ್ತಿದ್ದರು.

ಹೊಸನಗರದ ಮಗಳು:
ಉತ್ತರ ಬಂದಿದೆ. ಶೀಟ್ ರೋಲ್‌ನ ಪ್ರತಿಯಲ್ಲಿ ಪಶ್ಚಿಮಿ ಸ್ಟಾರ್ ನಮೂದಾಗಿದೆ, ಪಾರ್ಟ್ ಟು ಆರ್ಡರ್ ಸಂಖ್ಯೆಯೂ ಇದೆ! ಪುಸ್ತಕಕ್ಕೆ ಮಾತ್ರ ಇಳಿದಿಲ್ಲ. ಅಪ್ಪ ಆ ಸಾಲನ್ನು ಕನ್ನಡಕ ಹಾಕಿಕೊಂಡು ಓದಿ, ಜೊತೆಗಿದ್ದ ಇಬ್ಬರ ಹೆಸರು ಹೇಳಿ, ಅವರ ಮನೆಯವರಿಗೂ ಬರೆಯಲು ಹೇಳು ಎಂದರು. ಈಗ ಮುಂದೇನು ಮಾಡಬೇಕು?

ಕಡತದ ಕೆಲಸ ಮಾಡಿದವನು, ಶಿವಮೊಗ್ಗ:
ಬಹಳ ಸಂತೋಷ ಅಕ್ಕ. ಅರ್ಹತೆಯ ಪ್ರಶ್ನೆ ಮುಗಿಯಿತು. ಈಗ ಒಂದೇ ಪತ್ರದಲ್ಲಿ ಎರಡು ಬೇಡಿಕೆ ಇಡಿ: ಆ ಆರ್ಡರ್ ಸಂಖ್ಯೆಯನ್ನು ಉಲ್ಲೇಖಿಸಿ ಡಿಸ್ಚಾರ್ಜ್ ಪುಸ್ತಕದಲ್ಲಿ ನಮೂದು ಮಾಡಿಕೊಡುವುದು, ಪದಕ ವಿತರಣೆಯಾಗಿದೆಯೇ ಎಂದು ತಿಳಿಸಿ, ಆಗಿರದಿದ್ದರೆ ಕಳುಹಿಸಿಕೊಡುವುದು. ಅವರು ಲಿಖಿತವಾಗಿ ಕೇಳುವವರೆಗೆ ಮೂಲ ಪುಸ್ತಕವನ್ನು ಅಂಚೆಗೆ ಹಾಕಬೇಡಿ. ಪುಸ್ತಕದಲ್ಲಿ ನೀವಾಗಿಯೇ ಏನನ್ನೂ ಬರೆಯಬೇಡಿ, ಪೆನ್ಸಿಲ್‌ನಲ್ಲೂ ಬೇಡ.

ಪುಸ್ತಕದ ನಮೂದು ಬೇಗ ಆಗಬಹುದು, ಪದಕ ತಡವಾಗುತ್ತದೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಸಿಗುವ ಪ್ರತಿಕೃತಿಯನ್ನು ತಂದರೂ ಅದನ್ನು ಮೂಲ ಪದಕಗಳ ಜೊತೆ ಬೆರೆಸದೆ ಬೇರೆಯಾಗಿಡಿ. ತಂದೆಯವರು ಹೇಳಿದ ಆ ಇಬ್ಬರ ಮನೆಯವರನ್ನು ಇಲ್ಲಿಗೆ ಕರೆಯಿರಿ. ಆದರೆ ಅವರ ಹೆಸರು, ಸೈನಿಕ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಬರೆಯುವುದು ಬೇಡ. ಯಾವ ದಳ, ಯಾವ ವರ್ಷ ಬಿಡುಗಡೆ, ಪಿಂಚಣಿ ಇದೆಯೋ ಇಲ್ಲವೋ, ಇಷ್ಟು ತಿಳಿಸಿದರೆ ಅವರಿಗೂ ಪತ್ರದ ಕರಡು ಮಾಡಿಕೊಡುತ್ತೇನೆ.